ಕಿನ್ನರದ ಮೇಲೆ ವಿಮಾನ, ಕೆಳಗೆ ಗುಲಾಬಿಯಕ್ಕನ ಪಾಯ

ಹೊಸದಾಗಿ ಗ್ರಾಮ ಆಡಳಿತ ಅಧಿಕಾರಿಯಾಗಿ ಸೇರಿದ ನಮ್ಮ ಅಂಕೋಲೆಯ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಈ ನೌಕರಿಯಲ್ಲಿ ಮುಖ್ಯವಾಗಿ ಏನು ಕಲಿಯಬೇಕು ಅಂತ ಕೇಳಿದಳು. ಕಂಪ್ಯೂಟರ್ ಅವಳಿಗೆ ಗೊತ್ತು, ಕಾಯ್ದೆಯ ಪುಸ್ತಕ ಓದಿಯೇ ಪರೀಕ್ಷೆ ಪಾಸಾಗಿದ್ದಾಳೆ. ನಾನು "ನಡೆಯೋದು ಕಲಿ" ಎಂದೆ. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಕ್ಕು, ಚಹಾ ಕುಡಿದು ಹೋದಳು. ಅವಳು ಹೋದ ಮೇಲೆ, ಹೇಳಿದ್ದು ಸಾಲಲಿಲ್ಲ ಅನ್ನಿಸಿ ಬರೆಯಲು ಕೂತಿದ್ದೇನೆ.

ನಾನು ಸೇರಿದಾಗ ಈ ಹುದ್ದೆಗೆ ಗ್ರಾಮ ಲೆಕ್ಕಿಗ ಎನ್ನುತ್ತಿದ್ದರು. ಆಮೇಲೆ ಲೆಕ್ಕಾಧಿಕಾರಿ ಆಯಿತು, ಈಗ ಆಡಳಿತ ಅಧಿಕಾರಿ. ಕಾರವಾರದ ಕಡೆಯ ಹಳಬರಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಮುಂಬೈ ಸರ್ಕಾರದ ಕಾಲದಿಂದ ಬಂದ ತಲಾಟಿ ಎಂಬ ಹೆಸರನ್ನೇ ಹಿಡಿದುಕೊಂಡಿದ್ದಾರೆ. ನಾನು ನಿವೃತ್ತಿಯಾಗುವ ದಿನದವರೆಗೂ ಅವರಿಗೆ ತಲಾಟಿ ಬಾಯಿ, ಅಂದರೆ ತಲಾಟಿ ಅಮ್ಮನೇ. ಹೆಸರು ಬದಲಾದಷ್ಟು ಸಲ ಸಂಬಳವೂ ಬದಲಾಗಿದ್ದರೆ ಚೆನ್ನಾಗಿತ್ತು ಎಂದು ನಮ್ಮೊಳಗೆ ನಾವು ನಗುತ್ತಿದ್ದೆವು.

ಮೊದಲ ಜಾಗ ರಾಮನಗುಳಿ ಕಡೆ. ಯಲ್ಲಾಪುರದ ಬಸ್ಸು ಹತ್ತಿ ಅಲ್ಲಿಳಿದರೆ ಒಂದು ಕಡೆ ಕಾಡು, ಇನ್ನೊಂದು ಕಡೆ ಗಂಗಾವಳಿ. ಸೇರಿದ ವರ್ಷವೇ ಹೊಳೆ ಉಕ್ಕಿತು. ಹಾನಿಯ ವರದಿ ಈಗಿಂದೀಗಲೇ ಬೇಕು ಎಂದು ತಾಲೂಕು ಕಚೇರಿಯಿಂದ ಒತ್ತಾಯ. ಆ ನೀರಿನಲ್ಲಿ ದೋಣಿ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಈಚೆ ದಡದಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡಿದೆ. ಆಚೆ ಒಂದು ಮನೆಗೆ ಮೇಲೆ ಹಂಚಿನ ಮಾಡೇ ಇರಲಿಲ್ಲ. ಪೂರ್ತಿ ಕುಸಿದಿದೆ ಎಂದು ಬರೆದು ಕಳಿಸಿಬಿಟ್ಟೆ. ನೀರಿಳಿದ ಮೇಲೆ ಆ ಮನೆಯ ಯಜಮಾನರು ನನ್ನನ್ನು ಹುಡುಕಿಕೊಂಡು ಬಂದರು. ರಿಪೇರಿಗೆಂದು ಅವರೇ ಹಂಚು ಇಳಿಸಿ ಹಿತ್ತಿಲಲ್ಲಿ ಜೋಡಿಸಿಟ್ಟಿದ್ದರಂತೆ, ಅಷ್ಟರಲ್ಲಿ ಮಳೆ ಹಿಡಿಯಿತಂತೆ. ಮನೆ ಬಿತ್ತಂತಲ್ಲ ಎಂದು ನೆಂಟರೆಲ್ಲ ಅಕ್ಕಿ, ಹಾಸಿಗೆ ಹೊತ್ತುಕೊಂಡು ಬರುತ್ತಿದ್ದಾರಂತೆ. "ಬಾಯೋರೆ, ಒಂದ್ಸಲ ನಮ್ಮನೆಗೆ ಬಂದು ಚಾ ಕುಡ್ಕಂಡು ಹೋಗಿ. ಆಮೇಲೆ ಬೇಕಾದ್ರೆ ಬೀಳ್ಸಿ" ಎಂದರು. ನಮ್ಮ ಆಗಿನ ಸಾಹೇಬರು ಇಡೀ ಕಚೇರಿಯ ಎದುರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಬೈಯಲಿಲ್ಲ. ಆಚೆ ದಡದ ಸಂಗತಿಯನ್ನು ಈಚೆ ದಡದಲ್ಲಿ ನಿಂತು ಬರೆಯಬೇಡ ಎಂದಷ್ಟೇ ಹೇಳಿದರು.

ಆಮೇಲೆ ಕೆಲಸದ ರೀತಿಯೇ ಬದಲಾಗುತ್ತ ಹೋಯಿತು. ನಾವು ಬಟ್ಟೆಗೆ ಅಂಟಿಸಿದ ನಕಾಶೆಯನ್ನು ಬಗಲಲ್ಲಿ ಇಟ್ಟುಕೊಂಡು, ಅಳೆಯುವವರ ಹಿಂದೆ ಸರಪಳಿಯ ಸದ್ದು ಕೇಳುತ್ತ ಗದ್ದೆಗಳ ನಡುವಿನ ಕಿರಿದಾದ ಹಾಳಿಯ ಮೇಲೆ ನಡೆದವರು. ಈಗ ನಕಾಶೆ ಫೋನಿನಲ್ಲಿದೆ. ಫೋನಿಗೆ ಸಿಗ್ನಲ್ ಬರುವ ಗುಡ್ಡವನ್ನು ಹುಡುಕುವುದೇ ಈಗಿನ ಸರ್ವೆ. ಹೊಸದನ್ನು ನಾನು ದೂರುವುದಿಲ್ಲ, ನನ್ನ ಮೊಣಕಾಲಿಗೆ ಅದರಿಂದ ಉಪಕಾರವೇ ಆಯಿತು. ಆದರೆ ಫೋನಿನಲ್ಲಿ ಕಾಣುವ ಗದ್ದೆಯಲ್ಲಿ ಮನುಷ್ಯರು ಕಾಣುವುದಿಲ್ಲ. ಅದನ್ನು ಹೇಳಲಿಕ್ಕೇ ಈ ಕಿನ್ನರದ ವಿಮಾನದ ಕತೆ.

ಅದು ನನ್ನ ನೌಕರಿಯ ಕೊನೆಯ ಬೇಸಿಗೆ. ಕಾಳಿ ಹೊಳೆಯ ದಂಡೆಯ ಕಿನ್ನರ ಎಂಬ ಊರು ನನ್ನ ವ್ಯಾಪ್ತಿಯಲ್ಲಿತ್ತು. ಒಂದು ಬೆಳಿಗ್ಗೆ, ಹೊಳೆ ಸಮುದ್ರ ಸೇರುವ ಅಳಿವೆಯ ಕಡೆಯಿಂದ ಒಂದು ಬಿಳಿ ವಿಮಾನ ಬಂತು. ಸಣ್ಣದು, ಎರಡು ಪಂಖದ್ದು. ತೆಂಗಿನ ತಲೆಗೆ ತಾಗುತ್ತದೋ ಎನ್ನುವಷ್ಟು ಕೆಳಗೆ ಹಾರಿತು ಎಂದು ಊರವರು ಹೇಳಿದರು. ಅಷ್ಟೇನೂ ಕೆಳಗಿರಲಿಲ್ಲ, ಆದರೆ ಸದ್ದು ಜೋರಾಗಿತ್ತು. ಹೊಳೆಯಗುಂಟ ಮೇಲೆ ಹೋಗಿ, ತಿರುಗಿ ಬಂದು, ಕಿನ್ನರದ ಮೇಲೆ ಸುತ್ತು ಹಾಕಿ, ಮತ್ತೊಂದು ಸುತ್ತು ಹಾಕಿ ಹೋಯಿತು. ಮರುದಿನ ಮತ್ತೆ ಬಂತು. ಆ ವಾರವೆಲ್ಲ ಬಂತು, ಮುಂದಿನ ವಾರವೂ ಬಿಡಲಿಲ್ಲ.

ಊರಲ್ಲಿ ಬಾಯಿಗೊಂದು ಮಾತು. ದುಬೈಗೆ ಹೋಗುವ ವಿಮಾನ ದಾರಿ ತಪ್ಪುತ್ತಿದೆ ಎಂದರು ಕೆಲವರು. ಹೊಳೆಯ ಮರಳಿನಲ್ಲಿ ಏನೋ ಸಿಕ್ಕಿದೆ ಎಂದರು ಇನ್ನು ಕೆಲವರು. ಕೊನೆಗೆ ಎಲ್ಲರೂ ನಂಬಿದ್ದು ಒಂದನ್ನೇ: ಜಾಗ ಹೋಗುತ್ತದೆ, ಅದಕ್ಕೇ ಮೇಲಿಂದ ಫೋಟೋ ತೆಗೆಯುತ್ತಿದ್ದಾರೆ. ನಮ್ಮ ತಾಲೂಕಿನಲ್ಲಿ ಒಂದಲ್ಲ ಒಂದು ಯೋಜನೆಗೆ ಜಾಗ ಬಿಟ್ಟುಕೊಟ್ಟ ನೆಂಟರು ಇಲ್ಲದ ಮನೆಯೇ ಇಲ್ಲ. ಆದ್ದರಿಂದ ಸಿದ್ಧತೆ ಶುರುವಾಯಿತು. ಗದ್ದೆಯ ನಡುವೆ ರಾತ್ರಿ ಬೆಳಗಾಗುವುದರೊಳಗೆ ಮಾವಿನ ಸಸಿಗಳು ಎದ್ದವು, ಫೋಟೋದಲ್ಲಿ ತೋಟ ಕಂಡು ಪರಿಹಾರ ಹೆಚ್ಚು ಸಿಗಲಿ ಎಂದು. ಎಷ್ಟೋ ವರ್ಷದಿಂದ ಆಕಾಶವೇ ಮಾಡಾಗಿದ್ದ ಬಚ್ಚಲುಗಳಿಗೆ ತಗಡು ಬಿತ್ತು. ಆ ತಗಡು ಹಾಕಿಸಲು ಗಂಡನ ಹತ್ತಿರ ಹೇಳಿ ಹೇಳಿ ಸೋತಿದ್ದ ಹೆಂಗಸರು ವಿಮಾನಕ್ಕೆ ಒಳ್ಳೆಯದಾಗಲಿ ಎಂದು ಹರಸಿದರು.

ನಗುವಿನ ನಡುವೆ ನಗದೇ ಇದ್ದವಳು ಗುಲಾಬಿಯಕ್ಕ ಒಬ್ಬಳೇ. ಅವಳು ಮೀನು ಮಾರುವವಳು. ಹುಟ್ಟಿದ್ದೂ ಮದುವೆಯಾಗಿ ಬಂದದ್ದೂ ಸಮುದ್ರದ ದಂಡೆಯಲ್ಲಿ. ಆ ಊರು ಒಂದು ಸರ್ಕಾರಿ ಯೋಜನೆಗೆ ಹೋದ ಮೇಲೆ ಅಲ್ಲಿ ಇಲ್ಲಿ ಬಾಡಿಗೆ ಮನೆಯಲ್ಲಿದ್ದು, ಗಂಡನನ್ನು ಕಳೆದುಕೊಂಡು, ಬುಟ್ಟಿ ಹೊತ್ತು ಕಿನ್ನರದ ಮನೆಮನೆಗೆ ಬಂಗಡೆ, ತಾರಲಿ ಕೊಟ್ಟು ಮಗ ವಸಂತನನ್ನು ಬೆಳೆಸಿದಳು. ಮೀನು ಕೊಳ್ಳುತ್ತಿದ್ದ ಒಂದು ಮನೆಯವರೇ ಅವಳಿಗೆ ಹೊಳೆಯ ಹತ್ತಿರ ತುಂಡು ಜಾಗ ಕೊಟ್ಟಿದ್ದರು. ಆ ಬೇಸಿಗೆಯಲ್ಲಿ ಪಾಯ ಎದ್ದು, ಮೇಲೆ ಕಾಂಕ್ರೀಟು ಹಾಸಿ ಗಟ್ಟಿಯಾಗಿತ್ತು. ಇನ್ನು ಗೋಡೆ ಏಳಬೇಕು. ವಿಮಾನ ಬಂದದ್ದೇ ಅವಳು ಕೆಲಸ ನಿಲ್ಲಿಸಿಬಿಟ್ಟಳು.

ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತು, ಬುಟ್ಟಿಯನ್ನೂ ಇಳಿಸದೆ, "ಬಾಯೋರೆ, ಮತ್ತೆ ಎಬ್ಬಿಸ್ತ್ರಾ ನಮ್ಮನ್ನ?" ಎಂದು ಕೇಳಿದಳು. ನಾನು ಬಹಳ ತಿಳಿದವಳಂತೆ, ಅದು ನೇವಿಯವರ ವಿಮಾನ, ಅಭ್ಯಾಸ ಮಾಡುತ್ತಾರೆ, ತಲೆ ಕೆಡಿಸಿಕೊಳ್ಳಬೇಡ ಎಂದೆ. ಕಾರವಾರದಲ್ಲಿ ಆಕಾಶದಲ್ಲಿ ಏನು ಕಂಡರೂ ನೇವಿಯದು ಎಂದು ಹೇಳಿ ಮುಗಿಸುವುದು ನಮ್ಮ ಅಭ್ಯಾಸ. ಅವಳು ನಂಬಿದಂತೆ ಕಾಣಲಿಲ್ಲ. ಗೌಂಡಿಗೆ ಅಂಕೋಲೆಯಲ್ಲಿ ಬೇರೆ ಕೆಲಸ ಬಂದಿದೆ, ಈ ವಾರ ಗೋಡೆ ಶುರು ಮಾಡದಿದ್ದರೆ ಹೋಗುತ್ತಾನೆ ಎಂದಳು. ವಸಂತ ಜಾಗವನ್ನೇ ವಾಪಸು ಕೊಟ್ಟು ಬಿಡೋಣ ಅನ್ನುತ್ತಿದ್ದನಂತೆ. ಕಟ್ಟಿಸಿ ಕೆಡವಿಸಿಕೊಳ್ಳುವುದಕ್ಕಿಂತ ಬಾಡಿಗೆ ಮನೆಯೇ ವಾಸಿ ಎಂಬುದು ಅವನ ವಾದ. ಬಂದರಿನಲ್ಲಿ ಕೆಲಸ ಮಾಡುವ ಹುಡುಗ, ಚಿಕ್ಕವನಿದ್ದಾಗ ಹಳೆಯ ಮನೆ ಬಿದ್ದದ್ದನ್ನು ಕಣ್ಣಾರೆ ಕಂಡವನು. ಅವನ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸಾಗಲಿಲ್ಲ.

ಅವಳು ಹೋದ ಮೇಲೆ ನೇವಿಯವರನ್ನೇ ಕೇಳಿಬಿಡೋಣ ಎಂದು ಪರಿಚಯದವರ ಮೂಲಕ ಕೇಳಿಸಿದೆ. ನಮ್ಮದಲ್ಲ ಎಂದರು. ಇನ್ನೊಂದು ಕಚೇರಿಯವರು ಬಂದರಿನವರನ್ನು ಕೇಳಿ ಎಂದರು. ಬಂದರಿನವರು, ನಮ್ಮದು ನೀರಿನ ಮೇಲಿನದು ಮಾತ್ರ ಎಂದರು. ನಮ್ಮಲ್ಲೇ ಒಬ್ಬರು ಮೊಬೈಲಿನಲ್ಲಿ ವಿಮಾನಗಳನ್ನು ತೋರಿಸುವ ಆ್ಯಪ್ ತೆರೆದರು. ಮಸ್ಕತ್ತಿಗೆ ಹೋಗುವುದು, ಕೊಚ್ಚಿಗೆ ಹೋಗುವುದು ಎಲ್ಲ ಕಂಡವು. ಕಿನ್ನರದ್ದು ಮಾತ್ರ ತಲೆಯ ಮೇಲೆ ಗುಡುಗುತ್ತಿದ್ದರೂ ಆ್ಯಪಿನಲ್ಲಿ ಇರಲಿಲ್ಲ. ನಮ್ಮ ತಹಶೀಲ್ದಾರರು ಬಯಲುಸೀಮೆಯ ಕಡೆಯವರು, ಮಾತಿನಲ್ಲಿ ಸೋಲುವವರಲ್ಲ. "ಬಾಯಾರ, ಆಕಾಶಕ್ಕ ಸರ್ವೆ ನಂಬರ ಇಲ್ಲ. ಅದು ನಮ್ಮ ಇಲಾಖೆಗೆ ಬರೂದಿಲ್ಲ" ಎಂದು ಫೈಲಿಗೆ ತಲೆ ಹಾಕಿದರು. ಆಮೇಲೆ ಅವರೇ ತಲೆ ಎತ್ತಿ, ನೆಲದ ಮೇಲೆ ಏನಿದೆ ನೋಡಿಕೊಂಡು ಬನ್ನಿ, ಜೀಪು ತಗೊಂಡು ಹೋಗಿ ಎಂದರು. ಒಳ್ಳೆಯ ಮೇಲಧಿಕಾರಿ ಎಂದರೆ ಹೀಗಿರಬೇಕು.

ಕಿನ್ನರಕ್ಕೆ ಹೋಗಿ, ವಿಮಾನ ಎಲ್ಲಿ ತಿರುಗುತ್ತದೆ ಎಂದು ಮನೆಮನೆ ಕೇಳಿದೆ. ಎಲ್ಲರದೂ ಒಂದೇ ಉತ್ತರ: ಸರಿಯಾಗಿ ನಮ್ಮನೆ ಮೇಲೆ. ಈ ನೌಕರಿಯಲ್ಲಿ ಇದನ್ನು ನೆನಪಿಡಿ. ಜನ ಸುಳ್ಳು ಹೇಳುವುದಿಲ್ಲ, ಆದರೆ ಪ್ರತಿಯೊಬ್ಬರ ಆಕಾಶವೂ ಅವರ ಅಂಗಳದ ಮೇಲೇ ಇರುತ್ತದೆ. ಹಾಗಾಗಿ ಕೇಳುವುದು ಬಿಟ್ಟು, ಗುಡ್ಡದ ಪಕ್ಕದ ಎತ್ತರದಲ್ಲಿ ಗೇರುಮರದ ನೆರಳಿನಲ್ಲಿ ಕೂತು ಕಾದೆ. ವಿಮಾನ ಬಂತು. ಹೊಳೆಯಗುಂಟ ಗೆರೆ ಎಳೆದಂತೆ ನೇರವಾಗಿ ಹೋಗಿ ನೇರವಾಗಿ ಬಂತು. ಸುತ್ತು ಹಾಕಿದ್ದು ಒಂದೇ ಕಡೆ. ಆ ಸುತ್ತಿನ ನಡುವೆ, ಬಿಸಿಲಿನಲ್ಲಿ, ಹೆಣೆದ ತೆಂಗಿನ ಮಡಲುಗಳಿಂದ ಅಚ್ಚುಕಟ್ಟಾಗಿ ಮುಚ್ಚಿದ ಒಂದು ಚೌಕ ಕಂಡಿತು. ಅದು ಗುಲಾಬಿಯಕ್ಕನ ಪಾಯ.

ಇಳಿದು ಹೋದೆ. ಗುಲಾಬಿಯಕ್ಕ ಅಲ್ಲೇ ಇದ್ದಳು, ವಸಂತನೂ ಇದ್ದ. ಮಡಲು ಯಾಕೆ ಎಂದು ಕೇಳಿದರೆ, ಕಾಂಕ್ರೀಟು ಒಣಗಬಾರದಲ್ಲ ಎಂದಳು. ಕಾಂಕ್ರೀಟು ಗಟ್ಟಿಯಾಗಿ ಎಷ್ಟು ಕಾಲವಾಯಿತೋ. ನಾನು ಒಂದು ಮಡಲಿನ ತುದಿ ಎತ್ತಿದೆ. ಕೆಳಗೆ ದೊಡ್ಡದಾದ ಬಿಳಿ ಬಣ್ಣದ ಅಡ್ಡ ಗುರುತು, ಅದರ ನಡುವೆ ಮೊಳೆಯಷ್ಟು ಕಪ್ಪು ಚುಕ್ಕೆ, ಪಕ್ಕದಲ್ಲಿ ಒಂದು ಅಂಕಿ.

ಅವಳು ಪಾಯದ ಅಂಚಿನಲ್ಲಿ ಕೂತುಬಿಟ್ಟಳು. ಒಂದು ದಿನ ಪೇಟೆಯಿಂದ ಬರುವಷ್ಟರಲ್ಲಿ ಯಾರೋ ಹಾಕಿ ಹೋಗಿದ್ದರಂತೆ. ಯಾರಿಗೂ ಹೇಳದೆ ಮುಚ್ಚಿದ್ದಾಳೆ. "ಮೊದ್ಲನೇ ಸಲಾನೂ ಹೀಂಗೇ ಬಾಯೋರೆ. ಮೊದ್ಲು ಗೋಡೆ ಮೇಲೆ ಬಣ್ಣದ ಗುರ್ತು, ಆಮೇಲೆ ಕಲ್ಲು, ಆಮೇಲೆ ನೋಟೀಸು. ಆಗ ನಾನು ಹೊಸ ಮದಲಗಿತ್ತಿ. ಬಿಸ್ಲಲ್ಲಿ ಬಂದಾರೆ ಪಾಪ ಅಂತ, ಆ ಗುರ್ತು ಹಾಕೂರಿಗೆ ನಾನೇ ಎಳ್ನೀರು ಕೊಟ್ಟಿದ್ದೆ" ಎಂದಳು. ಇಷ್ಟು ವರ್ಷ ಸರ್ಕಾರದ ನೌಕರಿ ಮಾಡಿದ ನನಗೆ, ಒಂದು ಗುರುತಿನ ಮುಂದೆ ಹೀಗೆ ಕೂತುಬಿಡುವುದು ಹೇಗಿರುತ್ತದೆ ಎಂದು ಆವತ್ತೇ ಗೊತ್ತಾದದ್ದು.

ಆ ಗುರುತು ಜಾಗ ತೆಗೆದುಕೊಳ್ಳುವವರದ್ದಲ್ಲ ಎಂದು ನನಗೆ ಅನ್ನಿಸಿತ್ತು. ಹಾಗೆ ತೆಗೆದುಕೊಳ್ಳುವುದಿದ್ದರೆ ಮೊದಲು ನನ್ನ ಮೇಜಿಗೇ ಸುದ್ದಿ ಬರಬೇಕು, ಮೇಲಾಗಿ ಗುರುತು ಗಡಿಯ ಮೇಲೆ ಬೀಳಬೇಕೇ ಹೊರತು ಪಾಯದ ನಡುಮಧ್ಯೆ ಅಲ್ಲ. ಆದರೆ ನೇವಿಯ ಮಾತು ಹೇಳಿ ಒಮ್ಮೆ ಮುಖಭಂಗವಾಗಿತ್ತು. ಈ ಸಲ ಖಾತ್ರಿಯಾಗದೆ ಬಾಯಿ ಬಿಡಲಿಲ್ಲ.

ಸೀದಾ ಕಾರವಾರದ ಬಸ್ ಸ್ಟ್ಯಾಂಡಿನ ಆಟೋದವರ ಹತ್ತಿರ ಹೋದೆ. ಊರಿಗೆ ಹೊಸಬರು ಯಾರು ಬಂದರು, ಯಾವ ಲಾಡ್ಜಿನಲ್ಲಿದ್ದಾರೆ, ರಾತ್ರಿ ಏನು ಊಟ ಮಾಡಿದರು ಎನ್ನುವುದು ಅವರಿಗೆ ಗೊತ್ತಿರುವಷ್ಟು ಪೊಲೀಸರಿಗೂ ಗೊತ್ತಿರುವುದಿಲ್ಲ. ಮೂರು ಕಾಲಿನ ಯಂತ್ರ, ಬಿಳಿ ಬಣ್ಣದ ಡಬ್ಬಿ ತಗೊಂಡು ಕಿನ್ನರಕ್ಕೆ ಹೋದವರು ಯಾರು ಎಂದು ಕೇಳಿದ್ದೇ ತಡ, ಒಬ್ಬ ನಗುತ್ತ, ನಾನೇ ಕರ್ಕಂಡು ಹೋದದ್ದು, ಹತ್ತಿ ಎಂದ. ಲಾಡ್ಜಿನ ಬಾಗಿಲಿಗೇ ತಂದು ಬಿಟ್ಟ.

ಅಲ್ಲಿದ್ದವನು ಉತ್ತರದ ಕಡೆಯ ಒಬ್ಬ ತರುಣ ಎಂಜಿನಿಯರ್. ಖಾಸಗಿ ಕಂಪನಿಯವನು. ನನ್ನ ಹಿಂದಿ, ಅವನ ಅರೆಬರೆ ಕನ್ನಡ ಸೇರಿ ಮಾತು ನಡೆಯಿತು. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ನೀರು ಯಾವ ಮನೆಯವರೆಗೆ ಬರುತ್ತದೆ ಎಂದು ತೋರಿಸುವ ನಕಾಶೆಗಾಗಿ ಕಾಳಿಯ ದಂಡೆಯನ್ನು ಅಳೆಯುತ್ತಿದ್ದಾರಂತೆ. ವಿಮಾನ ಹುಬ್ಬಳ್ಳಿಯಿಂದ ಬರುತ್ತದಂತೆ. ಮೇಲಿನ ಅಳತೆಯನ್ನು ನೆಲಕ್ಕೆ ಹೊಂದಿಸಲು ಅಲ್ಲಲ್ಲಿ ಬಿಳಿ ಗುರುತು ಬೇಕು. ಅದಕ್ಕೆ ಸಮತಟ್ಟಾದ, ಮರದ ನೆರಳಿಲ್ಲದ ಗಟ್ಟಿ ಜಾಗ ಬೇಕು. ಕಿನ್ನರದಲ್ಲಿ ಆ ಪಾಯಕ್ಕಿಂತ ಒಳ್ಳೆಯದು ಸಿಗಲಿಲ್ಲವಂತೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರನ್ನು ಕೇಳಿದ್ದಕ್ಕೆ ಅವರು ಹಾಕಿ ಹಾಕಿ ಎಂದರಂತೆ. ಆ ಮಹಾನುಭಾವರು ಯಾರು ಎಂದು ಇವತ್ತಿಗೂ ಪತ್ತೆಯಾಗಿಲ್ಲ.

ನಾನು ಬೈಯಲೆಂದೇ ಹೋಗಿದ್ದೆ. ಅವನ ಮುಖ ನೋಡಿದರೆ ಅವನೇ ಅಳುವ ಹಾಗಿದ್ದ. "ಮೇಡಂ, ಎಲ್ಲಾ ಗುರುತು ಕಾಣ್ತದೆ. ಕಿನ್ನರದ್ದು ಒಂದು ಮಾತ್ರ ಕಾಣೋದಿಲ್ಲ. ಪೈಲಟ್ ಸುತ್ತು ಹಾಕಿ ಹಾಕಿ ಹುಡುಕ್ತಾನೆ. ಸಿಗದೇ ಹೋದ್ರೆ ಮರುದಿನ ಮತ್ತೆ ಕಳಿಸ್ತಾರೆ, ನನಗೆ ಬೈತಾರೆ" ಎಂದ. ನಾನು ಕುರ್ಚಿ ಹಿಡಿದುಕೊಂಡು ನಕ್ಕೆ. ವಿಮಾನ ಸುತ್ತುತ್ತದೆಂದು ಗುಲಾಬಿಯಕ್ಕ ಗುರುತು ಮುಚ್ಚುತ್ತಿದ್ದಾಳೆ, ಗುರುತು ಮುಚ್ಚಿದೆಯೆಂದು ವಿಮಾನ ಸುತ್ತುತ್ತಿದೆ. ಇಬ್ಬರಲ್ಲಿ ಯಾರೂ ಬಿಡುವಂತಿರಲಿಲ್ಲ. ಮಳೆ ಬರುವವರೆಗೂ ಹೀಗೇ ನಡೆಯುತ್ತಿತ್ತೋ ಏನೋ.

ಅವನನ್ನು ಅದೇ ಆಟೋದಲ್ಲಿ ಕೂರಿಸಿಕೊಂಡು ಕಿನ್ನರಕ್ಕೆ ಬಂದೆ. ಹೇಳದೆ ಕೇಳದೆ ಹಾಕಿದ್ದಕ್ಕೆ ಅವನು ಕೈಮುಗಿದ. ಇನ್ನೊಂದೇ ಸಲ ವಿಮಾನ ಬರುತ್ತದೆ, ಆಗ ಗುರುತು ತೆರೆದಿರಲಿ, ಆಮೇಲೆ ತಾನೇ ಅಳಿಸಿ ಹೋಗುತ್ತೇನೆ ಎಂದ. ಇದು ಜಾಗಕ್ಕಲ್ಲ, ನೆರೆಯ ನಕಾಶೆಗೆ ಎಂದು ತಿಳಿದು ಊರವರ ಮನಸ್ಸು ಹಗುರಾಯಿತು, ಮಾವಿನ ಸಸಿ ನೆಟ್ಟವರು ಮಾತ್ರ ಸ್ವಲ್ಪ ಸಪ್ಪಗಾದರು. ವಸಂತ ನನ್ನ ಕಡೆ ತಿರುಗಿ, ಇನ್ನು ಮುಂದೆ ಯಾವ ಯೋಜನೆಗೂ ಈ ಜಾಗ ಹೋಗುವುದಿಲ್ಲ ಎಂದು ನೀವು ಹೇಳುತ್ತೀರಾ ಎಂದು ಕೇಳಿದ. ಎಲ್ಲರೂ ನನ್ನನ್ನೇ ನೋಡಿದರು. ಹೌದು ಅಂದುಬಿಡುವುದು ಸುಲಭವಿತ್ತು. ನಾನು, ಈ ವಿಮಾನ ಯಾವುದು ಎಂದು ಹೇಳಬಲ್ಲೆ, ಇವತ್ತಿನವರೆಗೆ ಈ ಜಾಗದ ಮೇಲೆ ಯಾರ ಕಣ್ಣೂ ಇಲ್ಲ ಎಂದೂ ಹೇಳಬಲ್ಲೆ, ಮುಂದಿನದು ನನ್ನ ಕೈಯಲ್ಲಿಲ್ಲ ಎಂದೆ. ಗೌಂಡಿ ಮರುದಿನ ಹೊರಡುವವನಿದ್ದ.

ಗುಲಾಬಿಯಕ್ಕ ಮಡಲುಗಳನ್ನು ಒಂದೊಂದಾಗಿ ತೆಗೆದು ಬದಿಗೆ ಒಟ್ಟಿದಳು. ಪೊರಕೆ ತಂದು ಪಾಯ ಗುಡಿಸಿದಳು. ಆಮೇಲೆ ಎಂಜಿನಿಯರನ ಹತ್ತಿರ, ಮೇಲಿಂದ ತೆಗೆದ ಚಿತ್ರದಲ್ಲಿ ಮನುಷ್ಯರು ಕಾಣುತ್ತಾರಾ ಎಂದು ಕೇಳಿದಳು. ಗುರುತು ಮೆಟ್ಟದೆ ಪಕ್ಕದಲ್ಲಿ ನಿಂತರೆ ಚುಕ್ಕೆಯಷ್ಟು ಕಾಣುತ್ತೀರಿ ಎಂದ.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವಳು ಮದುವೆ ಮನೆಗೆ ಹೋಗುವವಳಂತೆ ಕೆಂಪು ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ಪಾಯದ ಪಕ್ಕ ನಿಂತಿದ್ದಳು. ಒತ್ತಾಯಕ್ಕೆ ವಸಂತನೂ ಇಸ್ತ್ರಿ ಅಂಗಿ ಹಾಕಿದ್ದ. ಅದನ್ನು ನೋಡಿ ಅಕ್ಕಪಕ್ಕದವರೆಲ್ಲ ಮನೆಗೆ ಓಡಿಹೋಗಿ ಸೀರೆ ಬದಲಾಯಿಸಿ ಬಂದರು. ಸಂಜೆಯ ಬಸ್ಸಿಗೆ ಅಂಕೋಲೆಗೆ ಹೊರಡುವವನಿದ್ದ ಗೌಂಡಿಯೂ ಚೀಲ ಕೆಳಗಿಟ್ಟು ಸಾಲಿನಲ್ಲಿ ನಿಂತ. ವಿಮಾನ ಬಂತು. ಎಲ್ಲರೂ ಮುಖ ಮೇಲೆ ಮಾಡಿ, ಉಸಿರು ಹಿಡಿದು, ಕೈ ಜೋಡಿಸಿ ನಿಂತರು. ಅದು ಹೊಳೆಯಗುಂಟ ನೇರ ಬಂದು, ನಮ್ಮ ತಲೆಯ ಮೇಲೆ ದಾಟಿ, ಒಂದೂ ಸುತ್ತು ಹಾಕದೆ ನೇರ ಹೋಯಿತು. ಸದ್ದು ದೂರವಾದ ಮೇಲೂ ಯಾರೂ ಸಾಲು ಬಿಡಲಿಲ್ಲ. ಇನ್ನೊಮ್ಮೆ ಬರಬಹುದು ಎಂದು ಕಾದರು. ಬರಲಿಲ್ಲ.

ಎಂಜಿನಿಯರ್ ಮಾತಿಗೆ ತಪ್ಪಲಿಲ್ಲ. ಗುರುತು ಅಳಿಸಲು ಸಂಜೆ ಬಂದಾಗ ಆ ಚಿತ್ರವನ್ನು ಫೋನಿನಲ್ಲಿ ತಂದಿದ್ದ. ಬೂದು ಬಣ್ಣದ ಚೌಕ, ಅದರ ನಡುವೆ ಬಿಳಿ ಅಡ್ಡ ಗುರುತು, ಪಕ್ಕದಲ್ಲಿ ಅಕ್ಕಿ ಚೆಲ್ಲಿದ ಹಾಗೆ ನಾವೆಲ್ಲ. ನಾನು ಒಂದು ಚುಕ್ಕೆ ತೋರಿಸಿ, ಇದೇ ನೀನು ಎಂದೆ. ಅದು ಅವಳೋ ನಾನೋ ಗೌಂಡಿಯೋ ದೇವರಿಗೇ ಗೊತ್ತು. ಗುಲಾಬಿಯಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಹಳೇ ಮನೇದು ಒಂದು ಫೋಟೋನೂ ಇಲ್ಲ ನಮ್ಮತ್ರ" ಎಂದಳು. ವಸಂತ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ.

ಫೋನನ್ನು ಅವನ ಕೈಗೆ ಕೊಟ್ಟು ಹೇಳಿದಳು:

"ಗೌಂಡಿ ಇನ್ನೂ ಬಸ್ ಹತ್ತಿರೂದಿಲ್ಲ, ಫೋನ್ ಮಾಡು. ಇದ್ರಲ್ಲಿ ಬರೀ ಪಾಯ ಅದೆ. ಮುಂದಿನ ಸಲ ಅವ್ರು ಫೋಟೋ ತೆಗೂಕೆ ಬಂದಾಗ ಇಲ್ಲಿ ಮನೆ ಕಾಣ್ಬೇಕು."